ಮನೆಯಲ್ಲೇ ಒಂದು ಲೀಟರ್ ಬಯೋರಿಯಾಕ್ಟರ್: ಯಾವ ಬಿಡಿಭಾಗಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಬಯೋರಿಯಾಕ್ಟರ್ (ಸೂಕ್ಷ್ಮಜೀವಿಗಳನ್ನು ಹದವಾದ ಬಿಸಿ, ಗಾಳಿ ಕೊಟ್ಟು ಬೆಳೆಸುವ ಪಾತ್ರೆ) ಕಟ್ಟಲು ಹೊರಡುವವರ ಖರೀದಿ ಪಟ್ಟಿ ಬಹುಪಾಲು ಒಂದೇ ತರ ಇರುತ್ತದೆ. ಮೇಲೆ ಆರ್ಡುಯಿನೊ ಎಂಬ ನಿಯಂತ್ರಣ ಬೋರ್ಡ್, ನಾಲ್ಕಾರು ಸೆನ್ಸರ್, ಡಿಸ್‌ಪ್ಲೇ, ಪಂಪು. ಕೊನೆಯ ಸಾಲಿನಲ್ಲಿ ಬಾಟಲಿ ಮತ್ತು ಟ್ಯೂಬು. ಈ ಪಟ್ಟಿಯನ್ನು ಬುಡಮೇಲು ಮಾಡಿ ಓದಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಅಗ್ಗದ ಎಲೆಕ್ಟ್ರಾನಿಕ್ಸ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಪ್ರಯೋಗ ಕೆಡುವುದು ಮುಚ್ಚಳದ ತೂತಿನಲ್ಲಿ, ಗಾಳಿಯ ಫಿಲ್ಟರಿನಲ್ಲಿ, ಬಾಟಲಿಯನ್ನು ಸ್ಟೆರಿಲೈಸ್ ಮಾಡುವ ಕುಕ್ಕರಿನಲ್ಲಿ. ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಅವಕ್ಕೇ.

ಇಲ್ಲಿ ಗುರಿ ಸ್ಪಷ್ಟ: ಒಂದು ಲೀಟರ್ ಬಾಟಲಿಯಲ್ಲಿ 700 ಮಿ.ಲೀ. ಮೀಡಿಯಾ (ಸೂಕ್ಷ್ಮಜೀವಿಯ ಆಹಾರ ಕರಗಿಸಿದ ನೀರು), ಬೇಕರಿ ಯೀಸ್ಟ್ ಜಾತಿಯ ಸ್ಯಾಕರೊಮೈಸಿಸ್ ಸೆರೆವಿಸಿಯೆ, 30 ಡಿಗ್ರಿ ಸೆಲ್ಸಿಯಸ್, ಗಾಳಿ ಹಾಯಿಸಿ ಕಲಕುತ್ತ ಬೆಳೆಸುವುದು. ಮನೆಯಲ್ಲಿ ಇದಕ್ಕಿಂತ ಬೇರೆ ಸೂಕ್ಷ್ಮಜೀವಿಗೆ ಕೈ ಹಾಕುವುದಾದರೆ ಸ್ಪಿರುಲಿನದಂತಹ ನಿರಪಾಯಕಾರಿಗಳೇ ಇರಲಿ. ಮಣ್ಣಿನಿಂದ, ಚರಂಡಿಯಿಂದ ತಂದ ಗುರುತಿಲ್ಲದ ಬ್ಯಾಕ್ಟೀರಿಯಾವನ್ನು ಲೀಟರ್‌ಗಟ್ಟಲೆ ಬೆಳೆಸುವುದು ಬೇಡವೇ ಬೇಡ.

ಸಿದ್ಧ ಕಿಟ್ ಬೇಕೆನ್ನುವವರಿಗೆ ಕೆನಡಾದ ಪಯೋರಿಯಾಕ್ಟರ್ ಒಳ್ಳೆಯ ಆಯ್ಕೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ನಡೆಯುತ್ತದೆ, ಬೆಳವಣಿಗೆಯನ್ನು ಬೆಳಕಿನಿಂದ ತಾನೇ ಅಳೆಯುತ್ತದೆ. ಆದರೆ ಅದು 20–40 ಮಿ.ಲೀ.ನ ಪುಟ್ಟ ಸೀಸೆ. ಬೆಳವಣಿಗೆಯ ರೇಖೆ ಕಲಿಯಲು ಅದು ಸರಿ. ಗಾಳಿ, ನೊರೆ, ಆಮ್ಲಜನಕದ ಕೊರತೆ ಇವನ್ನೆಲ್ಲ ಕೈಯಾರೆ ಅರಿಯಬೇಕೆಂದರೆ ಲೀಟರ್ ಬಾಟಲಿಯೇ ಬೇಕು.

ಬಾಟಲಿ ಮತ್ತು ಮುಚ್ಚಳ

ಬೊರೊಸಿಲಿಕೇಟ್ ಗಾಜಿನ ಜಿಎಲ್45 (45 ಮಿ.ಮೀ. ತಿರುಪಿನ) ಬಾಯಿಯ ರೀಏಜೆಂಟ್ ಬಾಟಲಿಗೆ ಪರ್ಯಾಯ ಹುಡುಕಬೇಡಿ. ಉಪ್ಪಿನಕಾಯಿ ಜಾಡಿ, ಜೂಸ್ ಬಾಟಲಿ ಒಂದೆರಡು ಸಲ ಕುಕ್ಕರಿನಲ್ಲಿ ಉಳಿಯಬಹುದು, ಮೂರನೇ ಸಲ ತಳ ಬಿಟ್ಟುಕೊಳ್ಳುತ್ತದೆ. ಕೊಳ್ಳುವಾಗ ಬಾಟಲಿಯ ತಳವನ್ನು ಬೆರಳಿನಿಂದ ಸವರಿ ನೋಡಿ. ತಳ ಒಳಮುಖವಾಗಿ ಉಬ್ಬಿದ್ದರೆ, ಬಾಟಲಿಯೊಳಗೆ ತಿರುಗುತ್ತ ದ್ರವ ಕಲಕುವ ಮ್ಯಾಗ್ನೆಟ್ ನಡುವೆ ನಿಲ್ಲದೆ ಅಂಚಿಗೆ ಜಾರಿ ಟಕಟಕ ಬಡಿಯುತ್ತದೆ. ಅಂಗಡಿಯಲ್ಲಿ ನಾಲ್ಕು ಬಾಟಲಿ ಇಳಿಸಿ ನೋಡಿದರೆ ಸಮತಟ್ಟಾದುದು ಒಂದಾದರೂ ಸಿಗುತ್ತದೆ.

ನಾಲ್ಕು ಪೋರ್ಟ್ ಇರುವ ಸಿದ್ಧ ಜಿಎಲ್45 ಮುಚ್ಚಳ ದುಬಾರಿ, ಹಲವೊಮ್ಮೆ ಬಾಟಲಿಯ ಬೆಲೆಯ ಕೆಲವು ಪಟ್ಟು. ಆದರೂ ಇಡೀ ಪಟ್ಟಿಯಲ್ಲಿ ಕಣ್ಣುಮುಚ್ಚಿ ದುಡ್ಡು ಕೊಡಬಹುದಾದ ವಸ್ತು ಇದೊಂದೇ. ಅಷ್ಟು ಆಗದಿದ್ದರೆ ನೀಲಿ ಪಾಲಿಪ್ರೊಪಿಲೀನ್ ಮುಚ್ಚಳವನ್ನೇ ಕೊರೆಯಬಹುದು. ಮುಚ್ಚಳದೊಳಗೆ 5–6 ಮಿ.ಮೀ. ದಪ್ಪದ ಸಿಲಿಕೋನ್ ಹಾಳೆಯ ಬಿಲ್ಲೆ ಕೂರಿಸಿ. ಟ್ಯೂಬ್ 6 ಮಿ.ಮೀ. ಇದ್ದರೆ ಪ್ಲಾಸ್ಟಿಕ್‌ನಲ್ಲಿ 6 ಮಿ.ಮೀ. ತೂತು, ಸಿಲಿಕೋನ್‌ನಲ್ಲಿ 4 ಮಿ.ಮೀ. ತೂತು. ಟ್ಯೂಬನ್ನು ಬಿಗಿಯಾಗಿ ಹಿಡಿಯುವುದು ಸಿಲಿಕೋನ್. ಮುಚ್ಚಳ ಅದನ್ನು ಒತ್ತಿ ಕೂರಿಸುತ್ತದೆ ಅಷ್ಟೆ. ಎಪಾಕ್ಸಿ ಅಂಟು ಹಾಕಿದ ಮುಚ್ಚಳಗಳು ಬಿಸಿ-ತಣಿವಿನ ಸುತ್ತುಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತವೆ. ಕಣ್ಣಿಗೆ ಕಾಣದ ಆ ಬಿರುಕು ಬ್ಯಾಕ್ಟೀರಿಯಾಕ್ಕೆ ರಾಜಬೀದಿ.

ಸ್ಟೀಲ್ ಟ್ಯೂಬ್ 316 ದರ್ಜೆಯದೇ ಆಗಲಿ, 304 ಆದರೂ ನಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಬರೀ ‘ಎಸ್ಎಸ್’ ಎಂದು ಕೊಡುವುದು ಹಲವೊಮ್ಮೆ 202. ಉಪ್ಪಿನಂಶದ ಮೀಡಿಯಾದಲ್ಲಿ, ಕುಕ್ಕರಿನ ಹಬೆಯಲ್ಲಿ ಅದು ಬೇಗ ತುಕ್ಕು ಹಿಡಿಯುತ್ತದೆ. ಮೆದು ಟ್ಯೂಬ್ ಸಿಲಿಕೋನ್ ಮಾತ್ರ. ಅಕ್ವೇರಿಯಂ ಅಂಗಡಿಯ ಪಿವಿಸಿ ಟ್ಯೂಬ್ ಕುಕ್ಕರಿನಲ್ಲಿ ಬೆಳ್ಳಗಾಗಿ, ಮೆತ್ತಗಾಗಿ, ಸಂದಿನಿಂದ ತಾನೇ ಕಳಚುತ್ತದೆ.

ಗಾಳಿಯ ದಾರಿ

ಅಕ್ವೇರಿಯಂ ಪಂಪು ಸಾಕು. 700 ಮಿ.ಲೀ.ಗೆ ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಲೀಟರ್ ಗಾಳಿ ಬೇಕು. ಪಂಪಿನ ಪೆಟ್ಟಿಗೆ ಮೇಲೆ ನಿಮಿಷಕ್ಕೆ ಎರಡು-ಮೂರು ಲೀಟರ್ ಎಂದು ಬರೆದಿರುತ್ತದೆ. ಅದು ಎದುರು ಒತ್ತಡ ಏನೂ ಇಲ್ಲದಾಗಿನ ಲೆಕ್ಕ. ಪಕ್ಕದಲ್ಲೇ 0.012 ಅಥವಾ 0.02 ಎಂಪಿಎ (ಮೆಗಾಪಾಸ್ಕಲ್) ಎಂದು ಇರುವ ಒತ್ತಡ, ಗಾಳಿ ಪೂರ್ತಿ ನಿಂತಾಗಿನದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಫಿಲ್ಟರ್, ನೀರಿನ ಆಳ, ಗುಳ್ಳೆ ಬಿಡುವ ಕಲ್ಲು ಮೂರೂ ಸೇರಿ ಒತ್ತಡವನ್ನು ತಿನ್ನುತ್ತವೆ.

ಇಲ್ಲಿಯೇ ಬಹಳ ಜನ ತಪ್ಪು ಕಲ್ಲು ಕೊಳ್ಳುವುದು. ಬಿಯರ್ ತಯಾರಿಕೆಗೆಂದು ಮಾರುವ ಸ್ಟೀಲ್ ಕಲ್ಲುಗಳಲ್ಲಿ 0.5 ಮೈಕ್ರಾನಿನದು ಸಣ್ಣ ಗುಳ್ಳೆ ಬಿಡುತ್ತದೆ ನಿಜ. ಆದರೆ ಅದನ್ನು ದಾಟಿಸುವಷ್ಟು ಒತ್ತಡ ಅಕ್ವೇರಿಯಂ ಪಂಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಂಪು ಗುಂಯ್ ಎನ್ನುತ್ತದೆ, ಬಾಟಲಿಯಲ್ಲಿ ಗುಳ್ಳೆಯೇ ಇಲ್ಲ. 2 ಮೈಕ್ರಾನ್ ಅಥವಾ ಇನ್ನೂ ದಪ್ಪ ರಂಧ್ರದ ಕಲ್ಲು ಕೊಳ್ಳಿ. ಮೀನಿನ ತೊಟ್ಟಿಯ ನೀಲಿ ಕಲ್ಲು ಬೇಡ, ಅದು ಉದುರುತ್ತದೆ, ಒಳಗೆ ಕೊಳೆ ಹಿಡಿದರೆ ಹೋಗುವುದಿಲ್ಲ. ಸ್ಟೀಲ್ ಕಲ್ಲನ್ನು ಬಳಸಿದ ಕೂಡಲೇ ತೊಳೆದು ಕುದಿಸಿಡಿ. ಯೀಸ್ಟ್ ಒಳಗೆ ಒಣಗಿದರೆ ಅದೂ ಕಟ್ಟಿಕೊಳ್ಳುತ್ತದೆ.

ಫಿಲ್ಟರ್: 0.2 ಮೈಕ್ರಾನ್, ಪಿಟಿಎಫ್ಇ (ಟೆಫ್ಲಾನ್), ನೀರನ್ನು ಹೀರದ ಬಗೆ, 50 ಮಿ.ಮೀ. ಬಿಲ್ಲೆ, ಮೈಮೇಲೆ ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಸ್ಟೆರಿಲೈಸ್) ಮಾಡಬಹುದು ಎಂಬ ಗುರುತು. ಈ ಐದರಲ್ಲಿ ಒಂದು ತಪ್ಪಿದರೂ ಬೇಡ. ಔಷಧ ದ್ರಾವಣ ಸೋಸುವ ಸಿರಿಂಜ್ ಫಿಲ್ಟರ್‌ಗಳು ನೋಡಲು ಹಾಗೇ ಇದ್ದರೂ ಅವುಗಳ ಪೊರೆ ನೀರು ಹೀರುತ್ತದೆ. ಒಮ್ಮೆ ಒದ್ದೆಯಾದ ಪೊರೆಯಲ್ಲಿ ಈ ಪಂಪಿನ ಗಾಳಿ ಹಾಯುವುದೇ ಇಲ್ಲ. ಒಳಬರುವ ಗಾಳಿಗೆ ಒಂದು, ಹೊರಹೋಗುವ ಗಾಳಿಗೆ ಒಂದು, ಹೀಗೆ ಎರಡು ಫಿಲ್ಟರ್ ಬೇಕು, ಮೂರನೆಯದು ಕೈಯಲ್ಲಿರಲಿ.

ಕೆಡುವುದು ಬಹುಪಾಲು ಹೊರಹೋಗುವ ಕಡೆಯದು. 30 ಡಿಗ್ರಿಯ ಬಾಟಲಿಯಿಂದ ಹೊರಟ ತೇವದ ಗಾಳಿ ತಣ್ಣನೆಯ ಫಿಲ್ಟರಿನಲ್ಲಿ ಹನಿಯಾಗುತ್ತದೆ, ಪೊರೆ ಮುಚ್ಚುತ್ತದೆ, ಒಳಗೆ ಒತ್ತಡ ಏರುತ್ತದೆ, ಎಲ್ಲಕ್ಕಿಂತ ಸಡಿಲವಾದ ಸಂದಿನಿಂದ ಮೀಡಿಯಾ ಚಿಮ್ಮುತ್ತದೆ. ನೊರೆ ಉಕ್ಕಿ ಅಲ್ಲಿಗೆ ತಲುಪಿದರೆ ಇನ್ನೂ ಬೇಗ. ಮದ್ದು ಸುಲಭ: ಬಾಟಲಿಗೂ ಫಿಲ್ಟರಿಗೂ ನಡುವೆ 250 ಮಿ.ಲೀ.ನ ಖಾಲಿ ಬಾಟಲಿ ಒಂದನ್ನು ಸೇರಿಸಿ. ಹನಿ, ನೊರೆ ಎರಡೂ ಅಲ್ಲಿ ಬಿದ್ದಿರುತ್ತವೆ. ಫಿಲ್ಟರನ್ನು ಅದಕ್ಕಿಂತ ಒಂದು ಗೇಣು ಮೇಲೆ, ನೆಟ್ಟಗೆ ಕಟ್ಟಿ. ನೊರೆಗೆ ಸಿಲಿಕೋನ್ ಆಂಟಿಫೋಮ್ ಎರಡು-ಮೂರು ಹನಿ ಮೀಡಿಯಾದ ಜೊತೆಗೇ ಕುಕ್ಕರಿಗೆ ಹೋಗಲಿ. ಹೆಚ್ಚು ಹಾಕಿದರೆ ಗುಳ್ಳೆಗಳು ಒಂದಕ್ಕೊಂದು ಕೂಡಿ ದಪ್ಪವಾಗಿ, ಆಮ್ಲಜನಕ ಕರಗುವುದು ತಗ್ಗುತ್ತದೆ.

ನಮ್ಮಲ್ಲಿ ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಪಂಪು ನಿಂತ ಕ್ಷಣ ಮೀಡಿಯಾ ಗಾಳಿಯ ಟ್ಯೂಬಿನಲ್ಲಿ ಹಿಂದಕ್ಕೆ ಏರಬಹುದು. ಪಂಪನ್ನು ಬಾಟಲಿಯ ದ್ರವಮಟ್ಟಕ್ಕಿಂತ ಎತ್ತರದಲ್ಲಿಡಿ, ಜೊತೆಗೆ ಅಕ್ವೇರಿಯಂ ಅಂಗಡಿಯ ಒಮ್ಮುಖ ವಾಲ್ವ್ ಒಂದನ್ನು ಪಂಪಿಗೂ ಫಿಲ್ಟರಿಗೂ ನಡುವೆ ಹಾಕಿ. ಅಂಗಡಿಯವರು ಅದನ್ನು ಪುಕ್ಕಟೆ ಎನ್ನುವಷ್ಟು ಅಗ್ಗಕ್ಕೆ ಕೊಡುತ್ತಾರೆ.

ಇಷ್ಟೆಲ್ಲ ಗಾಳಿ ಯಾಕೆಂದರೆ, 30 ಡಿಗ್ರಿಯ ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ ಸುಮಾರು 7 ಮಿ.ಗ್ರಾಂ. ಮಾತ್ರ. ಲೀಟರಿಗೆ 5 ಗ್ರಾಂ ಒಣತೂಕದಷ್ಟು ಯೀಸ್ಟ್ ಜೋರಾಗಿ ಉಸಿರಾಡುತ್ತಿದ್ದರೆ ಅದು ಅರ್ಧ ನಿಮಿಷದ ಊಟ. ಪಂಪು ಒಂದು ನಿಮಿಷ ನಿಂತರೂ ಯೀಸ್ಟ್ ಉಸಿರುಗಟ್ಟಿ ಆಲ್ಕೋಹಾಲ್ ಮಾಡಲು ತೊಡಗುತ್ತದೆ.

ಕುಕ್ಕರ್

ಆಟೊಕ್ಲೇವಿಗೆ ಬದಲು ಅಡುಗೆಮನೆಯ ಪ್ರೆಶರ್ ಕುಕ್ಕರ್ ನಡೆಯುತ್ತದೆ. ಅಳತೆ ಮೊದಲು: ಒಂದು ಲೀಟರ್ ಬಾಟಲಿ ಸುಮಾರು 22–23 ಸೆಂ.ಮೀ. ಎತ್ತರ, ಮೇಲೆ ಟ್ಯೂಬು, ಫಿಲ್ಟರು, ಕೆಳಗೆ ಜಾಲರಿ. ಒಳಗಿನ ಎತ್ತರ 30 ಸೆಂ.ಮೀ. ಇಲ್ಲದ ಕುಕ್ಕರ್ ಪ್ರಯೋಜನಕ್ಕೆ ಬಾರದು. ಹೋಟೆಲ್ ಪಾತ್ರೆ ಅಂಗಡಿಗಳಲ್ಲಿ ಸಿಗುವ 20 ಲೀಟರ್ ಮೇಲಿನವನ್ನು ಟೇಪು ಹಿಡಿದೇ ಕೊಳ್ಳಿ.

ಪುಸ್ತಕಗಳಲ್ಲಿ 121 ಡಿಗ್ರಿ, 15 ನಿಮಿಷ ಎಂದಿರುತ್ತದೆ. ಕುಕ್ಕರಿನ ಮುಚ್ಚಳದ ಮೇಲಿನ ತೂಕ (ಸೀಟಿ) ಹಿಡಿದಿಡುವುದು ಹೊರಗಿನ ಗಾಳಿಗಿಂತ ಸುಮಾರು 1 ಕೆ.ಜಿ./ಚ.ಸೆಂ.ಮೀ. ಹೆಚ್ಚಿನ ಒತ್ತಡವನ್ನು. ಮಂಗಳೂರಿನಲ್ಲಿ ಅದು 120 ಡಿಗ್ರಿಯ ಆಸುಪಾಸು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಗಾಳಿಯೇ ತೆಳು, ಹಾಗಾಗಿ ಒಳಗೆ ಸಿಗುವುದು ಸುಮಾರು 118.5 ಡಿಗ್ರಿ. ಎರಡೂವರೆ ಡಿಗ್ರಿ ಕಮ್ಮಿಯಾದರೆ ಬಿಸಿ ತಾಳುವ ಬ್ಯಾಕ್ಟೀರಿಯಾ ಬೀಜಕಣಗಳನ್ನು ಕೊಲ್ಲಲು ಹೆಚ್ಚುಕಡಿಮೆ ಎರಡರಷ್ಟು ಹೊತ್ತು ಬೇಕು. ಜೊತೆಗೆ 600–700 ಮಿ.ಲೀ. ದ್ರವದ ನಡುಭಾಗ ಬಿಸಿಯಾಗಲು ಹತ್ತು ನಿಮಿಷ. ಬೆಂಗಳೂರು, ಮೈಸೂರು, ಹಾಸನದ ಕಡೆಯವರು 40 ನಿಮಿಷ ಇಡಿ, ಕರಾವಳಿಯವರಿಗೆ 30 ಸಾಕು.

ಹೊತ್ತು ಎಣಿಸುವ ರೀತಿಯೂ ಮುಖ್ಯ. ತೂಕ ಹಾಕದೆ ಹಬೆ ಐದು ನಿಮಿಷ ಜೋರಾಗಿ ಹೋಗಲಿ, ಒಳಗಿನ ಗಾಳಿಯೆಲ್ಲ ಹೊರಬೀಳಬೇಕು. ಗಾಳಿ ಉಳಿದರೆ ಒತ್ತಡ ಇದ್ದರೂ ಬಿಸಿ ಇರುವುದಿಲ್ಲ. ಆಮೇಲೆ ತೂಕ ಹಾಕಿ, ಮೊದಲ ಕೂಗು ಬಂದಮೇಲೆ ಉರಿ ಸಣ್ಣ ಮಾಡಿ, ಅಲ್ಲಿಂದ ಎಣಿಸಿ. ಒಂದೂವರೆ ಲೀಟರ್ ನೀರು ಹಾಕಿರಿ, ಇಲ್ಲದಿದ್ದರೆ ಕೊನೆಗೆ ತಳ ಒಣಗುತ್ತದೆ.

ದ್ರವದಲ್ಲಿ ಮುಳುಗಿರುವ ಟ್ಯೂಬುಗಳನ್ನೆಲ್ಲ ಕ್ಲಿಪ್ ಹಾಕಿ ಮುಚ್ಚಬೇಕು. ಹೊರಹೋಗುವ ಗಾಳಿಯ ಫಿಲ್ಟರ್ ತೆರೆದೇ ಇರಬೇಕು, ಅದರ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ. ಇದು ಅದಲುಬದಲಾದರೆ ಒಂದೋ ಮೀಡಿಯಾ ಕುಕ್ಕರಿನ ನೀರಿಗೆ ಸೇರುತ್ತದೆ, ಇಲ್ಲವೇ ಬಾಟಲಿ ಒಡೆಯುತ್ತದೆ. ತೂಕ ಎತ್ತಿ ಹಬೆ ಬಿಡುವ ಅವಸರ ಬೇಡ. ಒತ್ತಡ ತಾನಾಗಿ ಇಳಿಯುವ ಮೊದಲು ಬಿಟ್ಟರೆ ಒಳಗಿನ ದ್ರವ ಒಮ್ಮೆಲೇ ಕುದಿದು ಫಿಲ್ಟರಿನವರೆಗೂ ಉಕ್ಕುತ್ತದೆ.

ಕಲಕುವುದು, ಬೆಚ್ಚಗಿಡುವುದು

ಕಂಪ್ಯೂಟರಿನ 120 ಮಿ.ಮೀ. ಫ್ಯಾನಿಗೆ ಎರಡು ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ ಮಾಡುವ ಸ್ಟಿರರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಂದರ ಉತ್ತರ ಮೇಲಕ್ಕೆ, ಇನ್ನೊಂದರ ದಕ್ಷಿಣ ಮೇಲಕ್ಕೆ ಇರಬೇಕು. ನಡುವಿನ ಅಂತರ ಕಲಕುವ ಮ್ಯಾಗ್ನೆಟ್‌ನ ಉದ್ದಕ್ಕೆ ಸರಿಹೊಂದಬೇಕು. 40 ಮಿ.ಮೀ. ಮ್ಯಾಗ್ನೆಟ್ ಈ ಬಾಟಲಿಗೆ ಸೂಕ್ತ. ಒಮ್ಮೆಲೇ ಪೂರ್ತಿ ವೇಗ ಕೊಟ್ಟರೆ ಅದು ಹಿಡಿತ ತಪ್ಪಿ ಕುಣಿಯುತ್ತದೆ, ಮೆಲ್ಲಗೆ ಏರಿಸಿ.

ಬೆಚ್ಚಗಿಡಲು ಸ್ಟಿರರಿನ ಮೇಲೆ ಪ್ಲಾಸ್ಟಿಕ್ ಟಬ್, ಅದರಲ್ಲಿ ನೀರು, ಬಾಟಲಿ, 50 ವ್ಯಾಟ್ ಅಕ್ವೇರಿಯಂ ಹೀಟರ್. ಇದರ ಥರ್ಮೋಸ್ಟಾಟ್ ಸಾಮಾನ್ಯವಾಗಿ 34 ಡಿಗ್ರಿವರೆಗೆ ಹೋಗುತ್ತದೆ, ಯೀಸ್ಟಿಗೆ ಅಷ್ಟು ಸಾಕು. ಪಿಐಡಿ ಎಂಬ ತಾಪ ನಿಯಂತ್ರಕ, ರಿಲೇ ಯಾವುದೂ ಬೇಡ. ಟಬ್ ಅಲ್ಯೂಮಿನಿಯಂದಾದರೆ ತಿರುಗುವ ಮ್ಯಾಗ್ನೆಟ್ ಆ ತಳದಲ್ಲೇ ಸುಳಿವಿದ್ಯುತ್ ಹುಟ್ಟಿಸಿ ತನ್ನ ವೇಗ ಕಳೆದುಕೊಳ್ಳುತ್ತದೆ, ಅದಕ್ಕೇ ಪ್ಲಾಸ್ಟಿಕ್. 230 ವೋಲ್ಟಿನ ಹೀಟರ್ ನೀರಿನಲ್ಲಿ ಮುಳುಗಿರುವುದರಿಂದ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಸಾಕೆಟ್ಟಿಗೆ ಇದನ್ನು ಚುಚ್ಚಬಾರದು. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿ ಹೀಟರ್ ಬದಲು ತಂಪು ಬೇಕಾಗುತ್ತದೆ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗಳನ್ನು ಟಬ್ಬಿಗೆ ಸರದಿಯಂತೆ ಬಿಡುವುದೇ ಸರಳ ದಾರಿ.

ತಾಪಮಾನಕ್ಕೆ ಡಿಎಸ್18ಬಿ20 ಸೆನ್ಸರ್, ಸ್ಟೀಲ್ ಕವಚದ್ದು. ಬೆಲೆ ಕಮ್ಮಿ, ಕೆಲಸ ಒಳ್ಳೆಯದು. ನಕಲಿ ಚಿಪ್‌ಗಳು ಬಹಳ ಇವೆ, ಆದ್ದರಿಂದ ಪುಡಿ ಐಸ್ ಮತ್ತು ನೀರಿನ ಮಿಶ್ರಣದಲ್ಲಿಟ್ಟು ನೋಡಿ. ಸೊನ್ನೆಯಿಂದ ಒಂದು ಡಿಗ್ರಿಗಿಂತ ದೂರ ಇದ್ದರೆ ವಾಪಸ್ ಕೊಡಿ. 4.7 ಕಿಲೋಓಮ್ ಪುಲ್-ಅಪ್ ರೆಸಿಸ್ಟರ್ ಮರೆಯಬೇಡಿ. ಪರದೆಯಲ್ಲಿ 85 ಬಂದರೆ ಅದು ಅಳತೆಯಲ್ಲ, ಸೆನ್ಸರ್ ಈಗಷ್ಟೇ ಎದ್ದಿದೆ ಎಂದರ್ಥ. –127 ಬಂದರೆ ತಂತಿ ಬಿಟ್ಟಿದೆ. ಇದರ ಕೇಬಲ್ ಕುಕ್ಕರ್ ತಾಳದು, ಹಾಗಾಗಿ ಟಬ್ಬಿನಲ್ಲಿಡಿ. ಬಾಟಲಿಯೊಳಗಿನ ನೀರನ್ನು ಒಮ್ಮೆ ಬೇರೆ ಥರ್ಮಾಮೀಟರಿನಿಂದ ಅಳೆದು ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಪಿಎಚ್: ಮೊದಲ ಸಲ ಬೇಡ

ಅಗ್ಗದ ಗಾಜಿನ ಎಲೆಕ್ಟ್ರೋಡ್ ಮತ್ತು ಪಿಎಚ್-4502ಸಿ ಬೋರ್ಡಿನ ಜೋಡಿ ಎಲ್ಲೆಡೆ ಸಿಗುತ್ತದೆ. ಅಳತೆ ಕಲಿಯಲು ಸರಿ, ಬಾಟಲಿಯೊಳಗೆ ದಿನಗಟ್ಟಲೆ ಇಡಲು ಅಲ್ಲ. ಎಲೆಕ್ಟ್ರೋಡ್ ಕುಕ್ಕರಿನ ಬಿಸಿ ತಾಳುವುದಿಲ್ಲ. ಆಲ್ಕೋಹಾಲಿನಲ್ಲಿ ನೆನೆಸಿದರೂ ಸೋಂಕಿನ ಭಯ ಪೂರ್ತಿ ಹೋಗುವುದಿಲ್ಲ. ಸ್ಟಿರರಿನ ಮೋಟಾರಿನೊಂದಿಗೆ ಒಂದೇ ಗ್ರೌಂಡ್ ಹಂಚಿಕೊಂಡರೆ ಅಂಕಿ ಕುಣಿಯುತ್ತದೆ. ಬೋರ್ಡಿಗೆ ಬೇರೆಯೇ ಐಸೊಲೇಟೆಡ್ ಪವರ್ ಬೇಕು. ಅದರ ಮೇಲಿನ, ತಿರುಪಿ ಹೊಂದಿಸುವ ಎರಡು ಟ್ರಿಮ್ಮರ್‌ಗಳಲ್ಲಿ ಬಿಎನ್‌ಸಿ (ಎಲೆಕ್ಟ್ರೋಡ್ ಸಿಕ್ಕಿಸುವ ಕನೆಕ್ಟರ್) ಹತ್ತಿರದ್ದು ಶೂನ್ಯ ಹೊಂದಿಸಲು: ಬಿಎನ್‌ಸಿಯ ಒಳತಂತಿ, ಹೊರಕವಚ ಕೂಡಿಸಿ ಹೊರಬರುವ ವೋಲ್ಟೇಜನ್ನು 2.5ಕ್ಕೆ ತನ್ನಿ, ಆಮೇಲೆ ಪಿಎಚ್ 4 ಮತ್ತು 7ರ ಬಫರ್ ದ್ರಾವಣಗಳಲ್ಲಿ ಅದ್ದಿ ಹೊಂದಿಸಿ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟು ಕೊಲ್ಲಬೇಡಿ, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿಡಿ. ಇಎಸ್‌ಪಿ32 ಬೋರ್ಡ್ ಬಳಸುವವರು ಅದರ ಸ್ವಂತ ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ನೆಚ್ಚದೆ ಎಡಿಎಸ್1115 ಎಂಬ ಬೇರೆ ಎಡಿಸಿ ಸೇರಿಸಿ.

ಪೆಪ್ಟೋನ್ (ಜೀರ್ಣಿಸಿದ ಪ್ರೋಟೀನ್ ಪುಡಿ) ಇರುವ ಸಮೃದ್ಧ ಮೀಡಿಯಾದಲ್ಲಿ ಪಿಎಚ್ ನಿಯಂತ್ರಣವಿಲ್ಲದೆಯೇ ಯೀಸ್ಟ್ ಸೊಗಸಾಗಿ ಬೆಳೆಯುತ್ತದೆ. ತೆಗೆದ ಮಾದರಿಯಲ್ಲಿ ಅಳೆದರೆ ಸಾಕು. ಅಮೋನಿಯಂ ಸಲ್ಫೇಟ್ ಹಾಕಿದ ಲವಣ ಮೀಡಿಯಾಕ್ಕೆ ಹೋದಾಗ ಮಾತ್ರ ಪಿಎಚ್ 3ರ ಕೆಳಗೆ ಬೀಳುತ್ತದೆ, ಆಗ ಕ್ಷಾರ ಹಾಕುವ ಪಂಪು ಬೇಕು. 12 ವೋಲ್ಟಿನ ಪುಟ್ಟ ಪೆರಿಸ್ಟಾಲ್ಟಿಕ್ ಪಂಪು (ಟ್ಯೂಬನ್ನು ಹಿಂಡಿ ದ್ರವ ತಳ್ಳುವಂಥದು) ಆಗುತ್ತದೆ. ಒಂದು ಸೆಕೆಂಡ್ ಹಾಕಿ, ಅರ್ಧ ನಿಮಿಷ ಕಾಯುವಂತೆ ಪ್ರೋಗ್ರಾಂ ಬರೆಯಿರಿ, ಇಲ್ಲದಿದ್ದರೆ ಬೆರೆಯುವ ಮೊದಲೇ ಇನ್ನಷ್ಟು ಸುರಿಯುತ್ತದೆ. ಒಳಗಿನ ಟ್ಯೂಬ್ ಸವೆದಂತೆ ಹರಿವು ಬದಲಾಗುವುದರಿಂದ ಪ್ರತಿ ಪ್ರಯೋಗಕ್ಕೂ ಮುನ್ನ ತೂಗಿ ಲೆಕ್ಕ ಹಾಕಿ. ಕರಗಿದ ಆಮ್ಲಜನಕದ ಸೆನ್ಸರ್ ಕೂಡ ಈ ಹಂತದಲ್ಲಿ ದಂಡದ ಖರ್ಚು.

ಖಾಲಿ ಓಟ

ಎಲ್ಲ ಜೋಡಿಸಿದ ಮೇಲೆ ಯೀಸ್ಟ್ ಹಾಕುವ ಮುಂಚೆ ಒಂದು ಪರೀಕ್ಷೆ ಕಡ್ಡಾಯ. ಮೊದಲು ಬರೀ ನೀರು ತುಂಬಿ, ಗಾಳಿ ಬಿಟ್ಟು, ಸಂದುಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಜಾಗ ಸೋರುತ್ತಿದೆ. ಆಮೇಲೆ ಮೀಡಿಯಾ ತುಂಬಿ, ಸ್ಟೆರಿಲೈಸ್ ಮಾಡಿ, ಯೀಸ್ಟ್ ಹಾಕದೆಯೇ 30 ಡಿಗ್ರಿಯಲ್ಲಿ ಗಾಳಿ, ಕಲಕು ಎಲ್ಲ ನಡೆಸಿ 48 ಗಂಟೆ ಬಿಡಿ. ಮೀಡಿಯಾ ತಿಳಿಯಾಗಿಯೇ ಉಳಿದರೆ ನಿಮ್ಮ ಮುಚ್ಚಳ, ಫಿಲ್ಟರ್, ಕುಕ್ಕರ್ ಮೂರೂ ಪಾಸು. ಮೊದಲ ದಿನವೇ ಕದಡಿದರೆ ಕುಕ್ಕರಿನ ಹೊತ್ತು ಸಾಲದು ಎಂದು ಮೊದಲು ಶಂಕಿಸಿ. ಎರಡನೇ ದಿನ ಕದಡಿದರೆ ಗಾಳಿಯ ದಾರಿಯನ್ನು, ಮಾದರಿ ತೆಗೆಯುವ ಪೋರ್ಟನ್ನು. ಈ ಪರೀಕ್ಷೆ ಬಿಟ್ಟು ನೇರ ಯೀಸ್ಟ್ ಹಾಕಿದವರಿಗೆ ಬಾಟಲಿಯಲ್ಲಿ ಬೆಳೆದದ್ದು ಏನೆಂದೇ ಗೊತ್ತಾಗುವುದಿಲ್ಲ, ಯೀಸ್ಟಾದರೂ ಸೋಂಕಾದರೂ ಎರಡೂ ಕದಡೇ.

ಮಾದರಿ ಪೋರ್ಟಿಗೆ ಮೆಡಿಕಲ್ ಶಾಪಿನ ತ್ರೀ-ವೇ ಸ್ಟಾಪ್‌ಕಾಕ್ ಒಳ್ಳೆಯದು. ಸ್ಟೆರಿಲ್ ಪೊಟ್ಟಣದಲ್ಲೇ ಬರುತ್ತದೆ. ಕುಕ್ಕರಿನಿಂದ ಬಾಟಲಿ ಇಳಿಸಿದ ಮೇಲೆ ಸ್ಪಿರಿಟ್ ಒರೆಸಿ ಜೋಡಿಸಿ. ಟ್ಯೂಬಿನಲ್ಲಿ ನಿಂತ ಮೊದಲ 3 ಮಿ.ಲೀ. ಚೆಲ್ಲಿ, ನಂತರದ್ದು ಅಳೆಯಿರಿ.

ಮೊದಲ ಬೆಳೆ

700 ಮಿ.ಲೀ.ಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ 7 ಗ್ರಾಂ, ಪೆಪ್ಟೋನ್ 14 ಗ್ರಾಂ ಕರಗಿಸಿ 595 ಮಿ.ಲೀ.ಗೆ ತನ್ನಿ. ಗ್ಲೂಕೋಸ್ 14 ಗ್ರಾಂ ಬೇರೆ ಬಾಟಲಿಯಲ್ಲಿ, ನೀರು ಸೇರಿ 70 ಮಿ.ಲೀ. ಎರಡನ್ನೂ ಒಟ್ಟಿಗೆ ಬೇಯಿಸಿದರೆ ಸಕ್ಕರೆ ಮತ್ತು ಅಮೈನೋ ಆಮ್ಲ ಕೂಡಿ ಕಂದು ಬಣ್ಣ ಬರುತ್ತದೆ, ಸಕ್ಕರೆಯೂ ಸ್ವಲ್ಪ ಹಾಳು. ತಣಿದ ಮೇಲೆ ಗ್ಲೂಕೋಸ್ ಸೇರಿಸಿ, ರಾತ್ರಿಯಿಡೀ ಫ್ಲಾಸ್ಕಿನಲ್ಲಿ ಬೆಳೆಸಿದ ಯೀಸ್ಟ್ 35 ಮಿ.ಲೀ. ಹಾಕಿ. ಶುದ್ಧ ತಳಿ ಬೇಕಾದ ಕಾಲೇಜುಗಳು ಸೂಕ್ಷ್ಮಜೀವಿ ಸಂಗ್ರಹಗಳಾದ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಿಂದ ತರಿಸಿಕೊಳ್ಳಬಹುದು. ಅಂಗಡಿಯ ಒಣ ಯೀಸ್ಟಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿರಬಹುದು, ಅದನ್ನೇ ಬಳಸುವುದಾದರೆ ಅಗಾರ್ ತಟ್ಟೆಯಲ್ಲಿ ಗೀರಿ ಒಂಟಿ ಕಾಲೊನಿ ಆರಿಸಿ.

ಇಮ್ಮಡಿಯಾಗಲು ಸುಮಾರು 90 ನಿಮಿಷ, ಎಂಟು-ಹತ್ತು ಗಂಟೆಯಲ್ಲಿ ಗ್ಲೂಕೋಸ್ ಮುಗಿಯುತ್ತದೆ. ಆಗ ಬೆಳವಣಿಗೆ ನಿಂತಂತೆ ಕಂಡು, ಮತ್ತೆ ನಿಧಾನವಾಗಿ ಏರುತ್ತದೆ: ತಾನೇ ಮಾಡಿದ ಆಲ್ಕೋಹಾಲನ್ನು ಯೀಸ್ಟ್ ತಿನ್ನಲು ತೊಡಗಿದೆ. ಗ್ಲೂಕೋಸ್ ಹೇರಳವಾಗಿದ್ದರೆ ಆಮ್ಲಜನಕ ಇದ್ದರೂ ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ, ಅದು ಗಾಳಿಯ ದೋಷವಲ್ಲ. ಕಲರಿಮೀಟರಿನಲ್ಲಿ (ದ್ರವದ ಕದಡನ್ನು ಬೆಳಕಿನಿಂದ ಅಳೆಯುವ ಯಂತ್ರ) 600 ನ್ಯಾನೊಮೀಟರಿಗೆ ಅಳೆಯುವಾಗ ಅಂಕಿ 0.4 ದಾಟಿದರೆ ನೀರು ಬೆರೆಸಿ ಮತ್ತೆ ಅಳೆಯಿರಿ; ದಟ್ಟ ಮಾದರಿಯಲ್ಲಿ ಅದು ಕಮ್ಮಿ ತೋರಿಸುತ್ತದೆ. ಮಂಡ್ಯ, ಬೆಳಗಾವಿ ಕಡೆ ಕಾಕಂಬಿ ಅಗ್ಗಕ್ಕೆ ಸಿಗುತ್ತದೆಂದು ಅದನ್ನು ಬಳಸುವವರು ಎರಡು ತಿಳಿದಿರಬೇಕು: ಅದರಲ್ಲಿ ಯೀಸ್ಟಿಗೆ ಸಾಲುವಷ್ಟು ಸಾರಜನಕ ಇಲ್ಲ, ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಸೇರಿಸಬೇಕು, ಅದರ ಕಡುಬಣ್ಣದಲ್ಲಿ ಕಲರಿಮೀಟರ್ ಅಂಕಿಗೆ ಅರ್ಥವಿಲ್ಲ, ಕೋಶಗಳನ್ನು ತೊಳೆದು ಅಥವಾ ಒಣಗಿಸಿ ತೂಗಿಯೇ ಅಳೆಯಬೇಕು.

ದಿನಕ್ಕೆ ಹತ್ತಿಪ್ಪತ್ತು ಮಿ.ಲೀ. ನೀರು ಗಾಳಿಯೊಂದಿಗೆ ಆವಿಯಾಗಿ ಹೋಗುತ್ತದೆ. ಒಂದು ದಿನದ ಓಟಕ್ಕೆ ಚಿಂತೆಯಿಲ್ಲ. ವಾರ ನಡೆಸುವುದಾದರೆ ಒಳಬರುವ ಗಾಳಿಯನ್ನು ಫಿಲ್ಟರ್ ಆದಮೇಲೆ ಸ್ಟೆರಿಲ್ ನೀರಿನ ಇನ್ನೊಂದು ಬಾಟಲಿಯ ಮೂಲಕ ಹಾಯಿಸಿ. ಮುಗಿದ ಮೇಲೆ ಬಾಟಲಿಯನ್ನು ಅದೇ ಕುಕ್ಕರಿನಲ್ಲಿ ಮತ್ತೊಮ್ಮೆ ಬೇಯಿಸಿ ಆಮೇಲೆ ಚೆಲ್ಲಿ. ಬ್ಲೀಚ್ ಹಾಕುವುದಾದರೆ ಒಂಬತ್ತು ಪಾಲಿಗೆ ಒಂದು ಪಾಲು, ಅರ್ಧ ಗಂಟೆ. ಬ್ಲೀಚ್ ಹಾಕಿದ ದ್ರವವನ್ನು ಮಾತ್ರ ಕುಕ್ಕರಿಗೆ ಇಡಬೇಡಿ, ಕ್ಲೋರಿನ್ ಏಳುತ್ತದೆ.